ಗಾಲಿಯ ನಡುಕ

ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಹಿಂದಿಕ್ಕಿ ಬಳ್ಳಾರಿಯ ದಿಕ್ಕಿಗೆ ಹೊರಟ ವಾಹನಕ್ಕೆ ತಳುಕು, ಬಿ.ಜಿ. ಕೆರೆ, ಹಾನಗಲ್ ಗ್ರಾಮಗಳು ಒಂದಾದ ಮೇಲೊಂದರಂತೆ ಎದುರಾಗುತ್ತವೆ. ಇಕ್ಕೆಲಗಳಲ್ಲಿಯೂ ಶೇಂಗಾ ಬೆಳೆಯುವ ಹೊಲಗಳು. ಕುರಿಗಳು ಮೇಯುವ ಬಯಲು. ದೂರದಲ್ಲಿ ಬಂಡೆಗಳನ್ನು ಹೊತ್ತ ಬೋಳು ಗುಡ್ಡಗಳು. ಮಳೆಯ ಮಟ್ಟಿಗೆ ಬಡ ಸೀಮೆಯಾದ ಇಲ್ಲಿ ದಾರಿಗೆ ನೆರಳು ಕಡಮೆ, ತಿರುವುಗಳೂ ಕಡಮೆ. ಜೇವರ್ಗಿಯನ್ನೂ ಚಾಮರಾಜನಗರವನ್ನೂ ಕೂಡಿಸುವ 150ಎ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು ಇದು. ಇದರಿಂದ ಕವಲೊಡೆಯುವ ಹಾದಿಯನ್ನು ಹಿಡಿದರೆ ರೇಷ್ಮೆ ಸೀರೆಗಳಿಗೆ ಹೆಸರಾದ ಮೊಳಕಾಲ್ಮುರು ಸಿಕ್ಕುತ್ತದೆ.

ಇಂತಹ ನೇರವಾದ ರಸ್ತೆಯಲ್ಲಿಯೇ ವಾಹನದ ಒಂದು ಕಾಯಿಲೆ ಬಯಲಾಗುವುದು. ಬಾಡಿಗೆಗೆ ಅಂಬಾಸಿಡರ್ ಕಾರುಗಳೇ ದೊರೆಯುತ್ತಿದ್ದ ಕಾಲವೊಂದಿತ್ತು. ಆಗಿನ ರಸ್ತೆಗಳು ಕಿರಿದು. ತೇಪೆಗಳೂ ಗುಂಡಿಗಳೂ ಹೇರಳ. ಗಂಟೆಗೆ 50 ಕಿಲೋಮೀಟರು ವೇಗ ಸಿಕ್ಕಿದರೆ ಪ್ರಯಾಣ ಸುಖಕರವಾಯಿತೆಂದೇ ಲೆಕ್ಕ. ಮೈ ಕುಲುಕಿದರೆ ಅದು ರಸ್ತೆಯ ಕುಲುಕಾಟವೋ ಗಾಲಿಯ ಕುಲುಕಾಟವೋ ಎಂದು ವಿಂಗಡಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ರಸ್ತೆ ಅಗಲವಾಗಿ ನುಣುಪಾದಂತೆ ವೇಗ ಏರಿತು. ಅದುವರೆಗೆ ಗುಂಡಿಗಳ ಮರೆಯಲ್ಲಿ ಅಡಗಿದ್ದ ಗಾಲಿಯ ದೋಷ ಚಾಲಕನ ಅಂಗೈಗೆ ತಾಗಿತು. ಒಳ್ಳೆಯ ರಸ್ತೆ ಕೆಟ್ಟ ಗಾಲಿಯನ್ನು ಬಚ್ಚಿಡುವುದಿಲ್ಲ.

ಚಳ್ಳಕೆರೆಯ ಒಂದು ಬಾಡಿಗೆ ಕಾರನ್ನು ಊಹಿಸಿಕೊಳ್ಳೋಣ. ಗಂಟೆಗೆ 60 ಕಿಲೋಮೀಟರಿನವರೆಗೆ ಅದು ಸಾಧುವಾಗಿ ಓಡುತ್ತದೆ. ವೇಗಮಾಪಕದ ಮುಳ್ಳು 80ನ್ನು ಮುಟ್ಟಿದೊಡನೆ ಸ್ಟೀರಿಂಗ್ ಚಕ್ರದಲ್ಲಿ ಸಣ್ಣ ನಡುಕ ಹುಟ್ಟುತ್ತದೆ. 90ರಲ್ಲಿ ಆ ನಡುಕ ಮೊಣಕೈಯವರೆಗೆ ಏರುತ್ತದೆ. ಧೈರ್ಯ ಮಾಡಿ 110ಕ್ಕೆ ಒಯ್ದರೆ, ಆಶ್ಚರ್ಯವೆಂಬಂತೆ, ನಡುಕ ಇಳಿಯುತ್ತದೆ! ವೇಗ ಹೆಚ್ಚಿದಷ್ಟೂ ನಡುಕ ಹೆಚ್ಚಬೇಕಷ್ಟೆ? ಇಳಿಯುವುದೇಕೆ? ಈ ಪ್ರಶ್ನೆಗೆ ಉತ್ತರ ತಿಳಿಯದೆ ಕಾರಿನ ಒಂದೊಂದೇ ಭಾಗವನ್ನು ಬದಲಿಸುತ್ತ ಹೋದವನ ಹಣ ಕರಗುತ್ತದೆ. ನಡುಕ ಮಾತ್ರ ಉಳಿಯುತ್ತದೆ.

ಉತ್ತರದ ಮೊದಲ ಭಾಗವನ್ನು ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿಯೇ ಕಾಣಬಹುದು. ಲಾಳಿಗೆ ಬೇಕಾದ ಕಂಡಿಕೆಗೆ ನೂಲು ಸುತ್ತುವ ರಾಟೆಯನ್ನು ಗಮನಿಸಬೇಕು. ಅದರ ಕದಿರು ಕೂದಲೆಳೆಯಷ್ಟು ಬಾಗಿದ್ದರೂ ನಿಧಾನವಾಗಿ ತಿರುಗಿಸುವಾಗ ದೋಷ ಕಾಣದು. ಕೈ ಚುರುಕಾದಂತೆ ಕದಿರು ಗುಂಯ್ಗುಡುತ್ತದೆ, ರಾಟೆಯ ಮಣೆ ಅದುರುತ್ತದೆ. ತಿರುಗುವ ಯಾವ ವಸ್ತುವಿನಲ್ಲಾದರೂ ಭಾರವು ನಡುವಿನ ಅಚ್ಚಿನ ಸುತ್ತ ಸಮವಾಗಿ ಹಂಚಿಹೋಗಿರಬೇಕು. ಒಂದು ಮಗ್ಗುಲಲ್ಲಿ ಭಾರ ಹೆಚ್ಚಾದರೆ ಆ ಹೆಚ್ಚಿನ ಭಾರವು ಅಚ್ಚನ್ನು ತನ್ನ ಕಡೆಗೆ ಎಳೆಯುತ್ತದೆ. ಗಾಲಿ ತಿರುಗಿದಂತೆ ಎಳೆತದ ದಿಕ್ಕೂ ತಿರುಗುತ್ತದೆ. ಕವಣೆಯಲ್ಲಿ ಕಲ್ಲಿಟ್ಟು ಬೀಸುವ ಕುರಿಗಾಹಿಯ ಕೈಗೆ ಈ ಎಳೆತದ ಪರಿಚಯ ಚೆನ್ನಾಗಿ ಇದೆ. ಇದನ್ನೇ ಕೇಂದ್ರಾಪಗಾಮಿ ಬಲವೆಂದು ಕರೆಯುವರು.

ಈ ಎಳೆತ ಎಷ್ಟಿರಬಹುದು? ಲೆಕ್ಕ ಮಾಡಿ ನೋಡುವುದೇ ಲೇಸು. ಗಾಲಿಯ ರಿಮ್ಮಿನ ಒಂದು ಕಡೆ, ಅಚ್ಚಿನಿಂದ ಸುಮಾರು 18 ಸೆಂಟಿಮೀಟರು ದೂರದಲ್ಲಿ, 30 ಗ್ರಾಂ ಭಾರ ಹೆಚ್ಚಾಗಿದೆಯೆಂದು ಇಟ್ಟುಕೊಳ್ಳೋಣ. ಇದು ಒಂದು ಹಿಡಿ ಶೇಂಗಾ ಬೀಜದ ತೂಕ. ಸಾಮಾನ್ಯವಾದ ಸಣ್ಣ ಕಾರಿನ ಟೈರಿನ ತ್ರಿಜ್ಯ ಸುಮಾರು 29 ಸೆಂಟಿಮೀಟರು. ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವಾಗ ಇಂತಹ ಗಾಲಿ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಆಗ ಆ 30 ಗ್ರಾಂ ಭಾರವು ಅಚ್ಚನ್ನು ಎಳೆಯುವ ಬಲ ಸುಮಾರು 49 ನ್ಯೂಟನ್. ಎಂದರೆ 5 ಕಿಲೋಗ್ರಾಂ ತೂಕವನ್ನು ತೂಗಿಬಿಟ್ಟಷ್ಟು. ಒಂದು ಹಿಡಿ ಶೇಂಗಾ ಐದು ಸೇರಿನಂತೆ ಜಗ್ಗುತ್ತದೆ. ಅದೂ ಸೆಕೆಂಡಿಗೆ ಹದಿನೈದು ಬಾರಿ ಮೇಲಕ್ಕೆ, ಹದಿನೈದು ಬಾರಿ ಕೆಳಕ್ಕೆ. ವೇಗವನ್ನು 50ಕ್ಕೆ ಇಳಿಸಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಏಕೆಂದರೆ ಈ ಬಲವು ವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ಊರೊಳಗೆ ಸುಮ್ಮನಿದ್ದ ಕಾರು ಹೆದ್ದಾರಿಯಲ್ಲಿ ಗದ್ದಲ ಮಾಡುವುದರ ಗುಟ್ಟು ಇದು. ಎತ್ತಿನ ಬಂಡಿಯ ಚಕ್ರವನ್ನು ಯಾವ ಬಡಗಿಯೂ ಗ್ರಾಂ ಲೆಕ್ಕದಲ್ಲಿ ತೂಗಿ ಮಾಡಿದವನಲ್ಲ. ಅದು ಅಗತ್ಯವೂ ಇರಲಿಲ್ಲ.

ಇನ್ನು 110ರಲ್ಲಿ ನಡುಕ ಇಳಿಯುವ ವಿಚಾರ. ಜೋಕಾಲಿಯಲ್ಲಿ ಕುಳಿತ ಮಗುವನ್ನು ತೂಗುವವರು ಮನಬಂದಂತೆ ನೂಕುವುದಿಲ್ಲ. ಜೋಕಾಲಿ ಹಿಂದಕ್ಕೆ ಬಂದು ಮರಳುವ ಸಮಯವನ್ನು ನೋಡಿ ನೂಕುತ್ತಾರೆ. ಸಮಯ ಕೂಡಿದರೆ ಬೆರಳಿನ ನೂಕೂ ಜೋಕಾಲಿಯನ್ನು ಎತ್ತರಕ್ಕೆ ಒಯ್ಯುತ್ತದೆ. ಸಮಯ ತಪ್ಪಿದರೆ ಬಲವಾದ ನೂಕೂ ವ್ಯರ್ಥ. ತೂಗಾಡಬಲ್ಲ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಆವೃತ್ತಿಯಿದೆ; ಹೊರಗಿನ ಬಲದ ಆವೃತ್ತಿ ಅದಕ್ಕೆ ಕೂಡಿಬಂದಾಗ ತೂಗಾಟ ಅತಿಯಾಗುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಸ್ಪ್ರಿಂಗಿನ ಮೇಲೆ ಕುಳಿತ ಕಾರಿನ ಗಾಲಿಯೂ ಅಂತಹುದೊಂದು ಜೋಕಾಲಿಯೇ ಸರಿ. ಅದರ ಸಹಜ ಆವೃತ್ತಿ ಸಾಧಾರಣವಾಗಿ ಸೆಕೆಂಡಿಗೆ 10ರಿಂದ 15ರ ಆಸುಪಾಸಿನಲ್ಲಿರುತ್ತದೆ. 80ರಿಂದ 90 ಕಿಲೋಮೀಟರು ವೇಗದಲ್ಲಿ ಗಾಲಿ ಸೆಕೆಂಡಿಗೆ 12ರಿಂದ 14 ಸುತ್ತು ತಿರುಗುತ್ತ ಸರಿಯಾಗಿ ಈ ತಾಳಕ್ಕೆ ಸಿಕ್ಕಿಕೊಳ್ಳುತ್ತದೆ. 110ನ್ನು ಮುಟ್ಟಿದಾಗ ಸುತ್ತು 17ರ ಹತ್ತಿರಕ್ಕೆ ಏರಿ ತಾಳ ತಪ್ಪುತ್ತದೆ. ಎಳೆಯುವ ಬಲ ಆಗ ಮತ್ತಷ್ಟು ಹೆಚ್ಚಿರುತ್ತದೆಂಬುದನ್ನು ಮರೆಯಬಾರದು. ಕೈಗೆ ತಿಳಿಯದು, ಅಷ್ಟೆ. ನಡುಕ ತಪ್ಪಿಸಿಕೊಳ್ಳಲು ವೇಗ ಹೆಚ್ಚಿಸುವ ಚಾಲಕರುಂಟು. ಅದು ಜಾಣತನವಲ್ಲ.

ಕಾರಣವೊಂದು ಹೀಗೆ ಗೊತ್ತಾಯಿತು. ಆದರೆ ನಡುಗುವ ಕಾರುಗಳಿಗೆಲ್ಲ ಇದೊಂದೇ ಕಾರಣವಲ್ಲ. ಅನುಭವಿಯಾದ ಮೇಸ್ತ್ರಿಯು ಪರೀಕ್ಷೆಗೆ ತೊಡಗುವ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾದೀತು. ಮೇಲೆ ಹೇಳಿದ ಬಾಡಿಗೆ ಕಾರಿನ ತರುಣ ಚಾಲಕನು ಹೆದ್ದಾರಿಯ ಅಂಚಿನ ಒಂದು ಕಾರ್ಖಾನೆಗೆ ಬಂದನೆನ್ನಿ. ಮೇಸ್ತ್ರಿ ತಲೆನರೆತವನು.

“ಮೇಸ್ತ್ರಿಗಳೇ, ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಗುಣ ಕಾಣಲಿಲ್ಲ. ಸ್ಟೀರಿಂಗಿನ ಭಾಗಗಳನ್ನೆಲ್ಲ ಬದಲಿಸಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ನಾಳೆ ಬೆಳಗ್ಗೆ ಮದುವೆ ಮನೆಯವರನ್ನು ಸೀರೆ ಕೊಳ್ಳಲು ಮೊಳಕಾಲ್ಮುರಿಗೆ ಕರೆದೊಯ್ಯಬೇಕು. ಇವತ್ತೇ ನೋಡಿಕೊಡಿ” ಎಂದನು ಚಾಲಕ.

ಮೇಸ್ತ್ರಿ ಕೈಗೆ ಸ್ಪ್ಯಾನರು ತೆಗೆದುಕೊಳ್ಳಲಿಲ್ಲ. “ಬಿಚ್ಚುವುದು ಆಮೇಲಿರಲಿ, ತಮ್ಮಾ. ಮೊದಲು ಕೇಳಿದ್ದಕ್ಕೆ ಹೇಳು. ನಡುಕ ಎಲ್ಲಿ ಕಾಣುತ್ತದೆ? ಕೈಯಲ್ಲೋ, ಕುಳಿತ ಸೀಟಿನಲ್ಲೋ?”

“ಕೈಯಲ್ಲಿ.”

“ಬ್ರೇಕ್ ಒತ್ತಿದಾಗ ಮಾತ್ರವೋ, ಸುಮ್ಮನೆ ಓಡುವಾಗಲೂ ಉಂಟೋ?”

“ಸುಮ್ಮನೆ ಓಡುವಾಗಲೇ.”

“ನಿಧಾನವಾಗಿ ಹೋಗುವಾಗ ಏನೂ ಇಲ್ಲವೋ? ಯೋಚಿಸಿ ಹೇಳು.”

ಚಾಲಕನು ಸ್ವಲ್ಪ ಹೊತ್ತು ಯೋಚಿಸಿದನು. “20, 30ರಲ್ಲಿ ಮುಂಭಾಗ ಸ್ವಲ್ಪ ಒಲೆದಂತಾಗುತ್ತದೆ. ರಸ್ತೆಯೇ ಹಾಗಿದೆ ಎಂದುಕೊಂಡಿದ್ದೆ.”

“ಇತ್ತೀಚೆಗೆ ಎಲ್ಲಾದರೂ ಗುಂಡಿಗೆ ಬಿದ್ದಿತ್ತೇ?”

“ಎಂಟು ದಿನದ ಹಿಂದೆ ಹಳ್ಳಿಯ ಹಾದಿಯಲ್ಲಿ ಜೋರಾಗಿಯೇ ಬಿತ್ತು. ಆಮೇಲೆ ಕೆಸರಿನಲ್ಲಿಯೂ ಸಿಕ್ಕಿಕೊಂಡಿತ್ತು.”

ಈ ಪ್ರಶ್ನೆಗಳಲ್ಲಿ ಯಾವುದೂ ಕಾಲಹರಣದ ಪ್ರಶ್ನೆಯಲ್ಲ. ನಡುಕ ಕೈಯಲ್ಲಿ ಕಂಡರೆ ದೋಷ ಬಹುಮಟ್ಟಿಗೆ ಮುಂದಿನ ಗಾಲಿಗಳಲ್ಲಿರುತ್ತದೆ. ಸ್ಟೀರಿಂಗಿಗೆ ಸಂಬಂಧವಿರುವವು ಅವೇ. ಸೀಟಿನಲ್ಲಿಯೂ ನೆಲಹಾಸಿನಲ್ಲಿಯೂ ಕಂಡರೆ ಹಿಂದಿನ ಗಾಲಿಗಳನ್ನು ಸಂಶಯಿಸಬೇಕು. ಬ್ರೇಕ್ ಒತ್ತಿದಾಗಲಷ್ಟೇ ಹುಟ್ಟುವ ನಡುಕಕ್ಕೆ ಬ್ರೇಕ್ ಡಿಸ್ಕಿನ ದಪ್ಪ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲದಿರುವುದು ಸಾಮಾನ್ಯ ಕಾರಣ; ಕೂದಲೆಳೆಗಿಂತಲೂ ಕಡಮೆಯ ವ್ಯತ್ಯಾಸ ಸಾಕು. ಆಕ್ಸಿಲರೇಟರನ್ನು ಒತ್ತಿದಾಗ ಏರಿ, ಬಿಟ್ಟಾಗ ಇಳಿಯುವ ನಡುಕವಾದರೆ ಗಾಲಿಗೆ ಶಕ್ತಿಯನ್ನು ಒಯ್ಯುವ ಶಾಫ್ಟಿನ ಕೀಲು ಸವೆದಿರಬಹುದು. ಜೀಪಿನಂತೆ ಹಿಂದಿನ ಗಾಲಿಗಳಿಂದ ನಡೆಯುವ ವಾಹನಗಳಲ್ಲಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇರುತ್ತದೆ. ಅದು ಗಾಲಿಗಿಂತ ಸುಮಾರು ನಾಲ್ಕರಷ್ಟು ಬೇಗನೆ ತಿರುಗುವುದರಿಂದ ಅದರ ದೋಷ ಕುಲುಕಾಟದಂತಲ್ಲ, ಝೇಂಕಾರದಂತೆ ಪಾದಕ್ಕೆ ತಾಗುತ್ತದೆ. ಎಂಜಿನ್ನಿನ ಮೇಲೆ ಅನುಮಾನವಿದ್ದರೆ ಅದೇ ವೇಗದಲ್ಲಿ ಗೇರನ್ನು ಒಂದು ಮೆಟ್ಟಿಲು ಇಳಿಸಿ ನೋಡಬೇಕು. ಗಾಲಿಯ ಸುತ್ತು ಬದಲಾಗದು, ಎಂಜಿನ್ನಿನ ಸುತ್ತು ಮಾತ್ರ ಏರುತ್ತದೆ. ಆಗಲೂ ನಡುಕ ಮೊದಲಿನಂತೆಯೇ ಇದ್ದರೆ ಎಂಜಿನ್ ನಿರಪರಾಧಿ.

ವೀಲ್ ಅಲೈನ್‌ಮೆಂಟಿಗೆ ಖರ್ಚು ಮಾಡಿ ಗುಣ ಕಾಣದವರು ಅನೇಕರು. ಗಾಲಿಗಳು ಯಾವ ಕೋನದಲ್ಲಿ ನಿಂತಿವೆ ಎಂಬುದನ್ನು ಸರಿಪಡಿಸುವ ಕೆಲಸ ಅದು. ಕೋನ ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ದುಂಡಗಿರುವ, ತೂಕ ಸಮವಾಗಿರುವ ಗಾಲಿ ಓರೆಯಾಗಿ ನಿಂತ ಮಾತ್ರಕ್ಕೆ ನಡುಗುವುದಿಲ್ಲ. ತೂಕವನ್ನು ಸಮಗೊಳಿಸುವ ವೀಲ್ ಬ್ಯಾಲೆನ್ಸಿಂಗ್ ಬೇರೆಯದೇ ಕೆಲಸ. ಎರಡೂ ಒಂದೇ ಅಂಗಡಿಯಲ್ಲಿ ನಡೆಯುವುದರಿಂದ ಜನ ಇವುಗಳನ್ನು ಒಂದೆಂದೇ ಭಾವಿಸುತ್ತಾರೆ.

ಮೇಸ್ತ್ರಿ ಎಲ್ಲಕ್ಕಿಂತ ಮೊದಲು ಗಾಲಿಯ ನಟ್ಟುಗಳನ್ನು ಮುಟ್ಟಿ ನೋಡಿದನು. ನಟ್ಟು ಸಡಿಲವಾಗಿಯೂ ಗಾಲಿ ನಡುಗುತ್ತದೆ. ಹಾಗೆ ನಡುಗಿದ ಗಾಲಿ ಕೊನೆಗೆ ಕಳಚಿಯೇ ಹೋಗುತ್ತದೆ. ನಟ್ಟುಗಳೆಲ್ಲ ಬಿಗಿಯಾಗಿದ್ದವು. ಅನಂತರ ಮುಂಭಾಗಕ್ಕೆ ಜಾಕ್ ಕೊಟ್ಟು ಎತ್ತಿ, ಕೆಳಗೆ ಭದ್ರವಾದ ಆಸರೆ ನಿಲ್ಲಿಸಿದನು. ಗಾಲಿಯನ್ನು ಮೇಲೆಯೂ ಕೆಳಗೆಯೂ ಹಿಡಿದು ಅಲುಗಿಸಿದಾಗ ಬೇರಿಂಗಿನಲ್ಲಿ ಸಡಿಲು ಕಾಣಲಿಲ್ಲ. ಎಡಗಾಲಿಯ ರಿಮ್ಮಿನ ಒಳಮೈಯಲ್ಲಿ ಒಣಗಿದ ಕೆಸರು ಗಟ್ಟಿಯಾಗಿ ಅಂಟಿತ್ತು. ಧೂಳು ಮುಸುಕಿದ ರಿಮ್ಮಿನ ಅಂಚಿನಲ್ಲಿ ಬೆರಳಗಲದ ಜಾಗ ಮಾತ್ರ ಥಳಥಳಿಸುತ್ತಿತ್ತು. ಸಮತೋಲಕ್ಕೆಂದು ಅಂಟಿಸಿದ್ದ ಲೋಹದ ತುಂಡು ಅಲ್ಲಿಂದ ಉದುರಿಹೋಗಿತ್ತು. ನಡುಕಕ್ಕೆ ಕಾರಣ ದೊರೆಯಿತೆಂದು ಚಾಲಕನಿಗೆ ಹರ್ಷವಾಯಿತು.

ಮೇಸ್ತ್ರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ತೂಕದ ದೋಷ ನಿಧಾನದ ಓಟದಲ್ಲಿ ಕಾಣಬಾರದು. 20, 30ರಲ್ಲಿಯೂ ಮುಂಭಾಗ ಒಲೆಯುವುದೆಂದು ಚಾಲಕ ಹೇಳಿದ್ದನು. ಬಲಗಾಲಿಯ ಟೈರಿನ ಎದುರಿಗೆ, ಮೈಗೆ ತಾಗದಷ್ಟು ಹತ್ತಿರದಲ್ಲಿ, ಸೀಮೆಸುಣ್ಣದ ತುಂಡನ್ನು ಅಲುಗದಂತೆ ಹಿಡಿದು ಮೇಸ್ತ್ರಿ ಗಾಲಿಯನ್ನು ಕೈಯಿಂದ ತಿರುಗಿಸಿದನು. ಸೀಮೆಸುಣ್ಣಕ್ಕೂ ಟೈರಿಗೂ ನಡುವಿನ ಸಂದು ಒಂದೆಡೆ ಅಗಲವಾಯಿತು, ಇನ್ನೊಂದೆಡೆ ಸಂದೇ ಇಲ್ಲದೆ ಸುಣ್ಣದ ಗೀರು ಬಿತ್ತು. ಗೀರು ಬಿದ್ದ ಕಡೆಯಲ್ಲಿ, ಹೊರಗಿನಿಂದ ಕಣ್ಣಿಗೆ ಬೀಳದ ಒಳಮಗ್ಗುಲನ್ನು ಬೆರಳುಗಳಿಂದ ಸವರಿ ನೋಡಿದಾಗ ನಿಂಬೆಯ ಹೋಳಿನಷ್ಟು ಉಬ್ಬು ಸಿಕ್ಕಿತು.

ಟೈರೆಂದರೆ ಬರಿಯ ರಬ್ಬರಲ್ಲ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ ಕಾಲದಿಂದಲೂ ಗಾಳಿಯ ಒತ್ತಡವನ್ನು ತಡೆಯುವ ಭಾರ ರಬ್ಬರಿನ ಒಳಗಿನ ಬಟ್ಟೆಯದು. ಈಗಿನ ಕಾರಿನ ಟೈರುಗಳಲ್ಲಿ ದಾರದ ಹೊದಿಕೆಯೂ ಅದರ ಮೇಲೆ ಉಕ್ಕಿನ ತಂತಿಯ ಪಟ್ಟಿಯೂ ಇರುತ್ತವೆ. ಗುಂಡಿಯ ಅಂಚಿಗೆ ಬಡಿದಾಗ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಅಪ್ಪಚ್ಚಿಯಾಗಿ ಒಳಗಿನ ದಾರಗಳು ತುಂಡಾಗಬಹುದು. ತುಂಡಾದ ಕಡೆ ತಡೆಯುವವರಿಲ್ಲದೆ ಗಾಳಿ ರಬ್ಬರನ್ನು ಹೊರಕ್ಕೆ ಉಬ್ಬಿಸುತ್ತದೆ. ಹರಿದ ಸೀರೆಗೆ ತೇಪೆ ಹಾಕಿದಂತೆ ಇದಕ್ಕೆ ತೇಪೆ ಹಾಕಲು ಬರುವುದಿಲ್ಲ. ಬೇಸಗೆಯ ಬಿಸಿಲಿನಲ್ಲಿ, ತುಂಬಿದ ಕಾರಿನ ಭಾರದಲ್ಲಿ, ಸೆಕೆಂಡಿಗೆ ಹದಿನೈದು ಬಾರಿ ಬಾಗಿ ನಿಮಿರುವ ಆ ಉಬ್ಬು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಮುಂದಿನ ಟೈರು ಸಿಡಿದಾಗ ಕಾರು ಆ ಪಕ್ಕಕ್ಕೆ ಎಳೆಯುತ್ತದೆ. ಎದುರಿಗೆ ಲಾರಿ ಬರುತ್ತಿದೆಯೋ ಇಲ್ಲವೋ ಎಂಬುದು ಆಗ ಅದೃಷ್ಟದ ಮಾತು.

“ಈಗ ಬ್ಯಾಲೆನ್ಸ್ ಮಾಡಿ ಕೊಡಿ, ಮೇಸ್ತ್ರಿಗಳೇ. ನಾಳೆಯ ಬಾಡಿಗೆ ಬಂದ ಮೇಲೆ ಟೈರು ತರುತ್ತೇನೆ” ಎಂದನು ಚಾಲಕ.

“ಮಾಡಬಹುದು. ಯಂತ್ರದಲ್ಲಿ ಸೊನ್ನೆಯೂ ಬರುತ್ತದೆ. ಯಂತ್ರ ತೂಕ ನೋಡುತ್ತದೆ, ತಮ್ಮಾ, ಒಳಗಿನ ದಾರ ನೋಡುವುದಿಲ್ಲ. ನಡುಕ ಅರ್ಧ ಇಳಿಯುತ್ತದೆ, ನೀನು ಧೈರ್ಯವಾಗಿ ನೂರರಲ್ಲಿ ಓಡಿಸುತ್ತೀಯೆ. ಆ ಕೆಲಸ ನನ್ನಿಂದಾಗದು.”

ಹಾಗಿದ್ದರೆ ಸ್ಟೆಪ್ನಿಯನ್ನು ಹಾಕೋಣವೆಂದು ಚಾಲಕ ಅದನ್ನು ಇಳಿಸಿದನು. ಮೈಮೇಲಿನ ಗೆರೆಗಳು ಹೊಸದರಂತೆ ಆಳವಾಗಿದ್ದವು. ಕಾರಿನ ಟೈರಿಗೆ ಕಡೆಯ ಮಿತಿಯಾದ 1.6 ಮಿಲಿಮೀಟರಿಗಿಂತ ಎಷ್ಟೋ ಹೆಚ್ಚು. ಮೇಸ್ತ್ರಿ ಮಗ್ಗುಲಿನ ಧೂಳನ್ನು ಒರೆಸಿ ನಾಲ್ಕು ಅಂಕಿಗಳನ್ನು ತೋರಿಸಿದನು: 0912. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2012ರ ಒಂಬತ್ತನೆಯ ವಾರದಲ್ಲಿ ತಯಾರಾದ ಟೈರು ಅದು. ಬಳಸದೆ ಇಟ್ಟಿದ್ದರೂ ರಬ್ಬರಿಗೆ ಮುಪ್ಪು ತಪ್ಪದು. ಮಗ್ಗುಲನ್ನು ಮಡಿಸಿದಾಗ ಬಿರುಕುಗಳು ಬಾಯಿಬಿಟ್ಟವು. ಚಾಲಕ ಮರುಮಾತಾಡದೆ ಹೊಸ ಟೈರು ತರಲು ಪೇಟೆಗೆ ನಡೆದನು. ಮರುದಿನದ ಬಾಡಿಗೆ ಅದಕ್ಕೆ ಸಾಲದೆಂಬುದು ಅವನಿಗೆ ಗೊತ್ತಿತ್ತು.

ಸಂಜೆ ಎರಡು ಗಾಲಿಗಳೂ ಬ್ಯಾಲೆನ್ಸಿಂಗ್ ಯಂತ್ರವನ್ನು ಏರಿದವು. ಕೆಸರನ್ನು ಪೂರ್ತಿಯಾಗಿ ಕೆರೆದ ಬಳಿಕವೇ. ಭಾರದ ಹೆಚ್ಚಳ ಗಾಲಿಯ ನಡುಗೆರೆಯಲ್ಲಿದ್ದರೆ ಗಾಲಿ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಒಳಮಗ್ಗುಲಲ್ಲಿಯೋ ಹೊರಮಗ್ಗುಲಲ್ಲಿಯೋ ಇದ್ದರೆ ಎಡಕ್ಕೂ ಬಲಕ್ಕೂ ಒಲೆಯುತ್ತದೆ. ಯಂತ್ರವು ಗಾಲಿಯನ್ನು ತಿರುಗಿಸಿ ಎರಡು ಮಗ್ಗುಲುಗಳಿಗೂ ಎಷ್ಟೆಷ್ಟು ಗ್ರಾಂ, ಯಾವ ಜಾಗದಲ್ಲಿ ಬೇಕೆಂಬುದನ್ನು ತೋರಿಸುತ್ತದೆ. ಎಡಗಾಲಿಗೆ 35 ಗ್ರಾಂ ಬೇಕಾಯಿತು. ಹೊಸ ಟೈರಿನ ಗಾಲಿಗೆ 15. ಹೊಸದಾದರೂ ತೂಕ ನೂರಕ್ಕೆ ನೂರು ಸಮವಾಗಿರುವ ಟೈರು ಅಪರೂಪ. ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ 2017ರಲ್ಲಿ ಆರಂಭವಾದ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಮೇಲೇರುವ ಪೈಲಟ್‌ರಹಿತ ವಿಮಾನಗಳ ಪ್ರೊಪೆಲ್ಲರುಗಳಿಗೂ ಇದೇ ನಿಯಮ. ಅಲ್ಲಿಯ ಸುತ್ತುಗಳು ಇನ್ನೂ ಹೆಚ್ಚಾದುದರಿಂದ ತೂಕದ ಲೆಕ್ಕ ಇನ್ನೂ ಸೂಕ್ಷ್ಮ.

ಇಷ್ಟಾಗಿಯೂ ನಡುಕ ಉಳಿದಿದ್ದರೆ ಏನು ಮಾಡಬೇಕಾಗಿತ್ತು? ಮುಂದಿನ ಗಾಲಿಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಬೇಕು. ನಡುಕ ಕೈಯಿಂದ ಸೀಟಿಗೆ ಸರಿದರೆ ಅಪರಾಧಿ ಗಾಲಿಯೇ. ಇದ್ದಲ್ಲಿಯೇ ಉಳಿದರೆ ಗಾಲಿಯನ್ನು ಬಿಟ್ಟು ಅದು ಕುಳಿತ ಕೀಲುಗಳನ್ನೂ ಬೇರಿಂಗನ್ನೂ ಶೋಧಿಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದೇ ಇದರ ಕಟ್ಟಳೆ. ಒಮ್ಮೆಗೇ ನಾಲ್ಕನ್ನು ಬದಲಿಸಿದರೆ ಕಾಯಿಲೆ ವಾಸಿಯಾದರೂ ಯಾವ ಮದ್ದಿನಿಂದ ವಾಸಿಯಾಯಿತೆಂಬುದು ತಿಳಿಯದು.

ಗಾಲಿಗಳನ್ನು ಮರಳಿ ಕೂಡಿಸುವಾಗ ಮೇಸ್ತ್ರಿ ನಟ್ಟುಗಳನ್ನು ಸಾಲಾಗಿ ಬಿಗಿಯಲಿಲ್ಲ. ಒಂದರ ಬಳಿಕ ಅದರ ಎದುರಿನದನ್ನು, ಸ್ವಲ್ಪ ಸ್ವಲ್ಪವಾಗಿ ಬಿಗಿದನು. ಸಾಲಾಗಿ ಬಿಗಿದರೆ ಗಾಲಿ ಓರೆಯಾಗಿ ಕೂರುವ ಅಪಾಯವಿದೆ. “ಹೊಸದಾಗಿ ಕೂಡಿಸಿದ ಗಾಲಿ 50, 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರು ಹಾಕು” ಎಂದು ಹೇಳಿ ಕಳುಹಿಸಿದನು.

ಮರುದಿನ ಕಾರು ತಳುಕನ್ನು ದಾಟಿತು, ಬಿ.ಜಿ. ಕೆರೆಯನ್ನು ದಾಟಿತು. ಮುಳ್ಳು 80ರಲ್ಲಿತ್ತು, ಸ್ಟೀರಿಂಗ್ ಕೈಯಲ್ಲಿ ನಿಶ್ಚಲವಾಗಿತ್ತು. ಮೊಳಕಾಲ್ಮುರಿನಲ್ಲಿ ಮದುವೆ ಮನೆಯವರು ನೇಕಾರರ ಮನೆಯ ಚಾಪೆಯ ಮೇಲೆ ಕುಳಿತು ಸೀರೆಯ ಅಂಚುಗಳನ್ನು ಹೋಲಿಸುತ್ತಿದ್ದ ವೇಳೆಗೆ ಚಾಲಕನು ಹೊರಗೆ ಬೇವಿನ ನೆರಳಿನಲ್ಲಿ ಕಾರು ನಿಲ್ಲಿಸಿ, ಗಾಲಿ ತಣಿಯುವವರೆಗೆ ಕಾದು, ಸ್ಪ್ಯಾನರು ಹಿಡಿದನು. ಏಳು ನಟ್ಟುಗಳು ಮಿಸುಕಲಿಲ್ಲ. ಎಂಟನೆಯದು ಕಾಲು ಸುತ್ತು ತಿರುಗಿತು.